ಮತ್ಸ್ಯವಿನೋದವೂ ಕಾವೇರಿಯ ಬಿಳಿಮೀನೂ

ಭೂಲೋಕಮಲ್ಲನೆಂದೂ ಸರ್ವಜ್ಞನೆಂದೂ ಬಿರುದಾಂತನಾದ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (ಕ್ರಿ. ಶ. ೧೧೨೬-೧೧೩೮) ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಅಥವಾ ‘ಅಭಿಲಷಿತಾರ್ಥಚಿಂತಾಮಣಿ’ಯು ಕನ್ನಡನಾಡಿನ ವಿದ್ವಾಂಸರಿಗೆ ಅಪರಿಚಿತವಾದ ಗ್ರಂಥವಲ್ಲ. ಐದು ವಿಂಶತಿಗಳಾಗಿ, ವಿಂಶತಿಯೊಂದಕ್ಕೆ ೨೦ ಅಧ್ಯಾಯಗಳಂತೆ ೧೦೦ ಅಧ್ಯಾಯಗಳಲ್ಲಿ ಹರಡಿಕೊಂಡಿರುವ ಈ ಮಹಾಕೋಶದಿಂದ ಸಂಗೀತಶಾಸ್ತ್ರಜ್ಞರು ತಮಗೆ ಬೇಕಾದುದನ್ನು ಆಯ್ದುಕೊಂಡಿರುವರು. ಚಿತ್ರಕಲೆಯ ಇತಿಹಾಸವನ್ನು ಬರೆಯುವವರು ತಮ್ಮ ಪಾಲನ್ನು ಪಡೆದಿರುವರು. ಪಾಕಶಾಸ್ತ್ರದಲ್ಲಿ ಆಸಕ್ತರಾದವರು ಮೂರನೆಯ ವಿಂಶತಿಯ ಅನ್ನಭೋಗವನ್ನು ಪದೇ ಪದೇ ಉದಾಹರಿಸುತ್ತಿರುವರು. ಆದರೆ ನಾಲ್ಕನೆಯದಾದ ವಿನೋದವಿಂಶತಿಯಲ್ಲಿ ಬರುವ ಮತ್ಸ್ಯವಿನೋದವೆಂಬ ಅಧ್ಯಾಯವು ಸಾಹಿತ್ಯಜ್ಞರ ಕೈಗೆ ಬಂದುದು ಅಪೂರ್ವ. ಮೈಸೂರಿನ ಪ್ರಾಚ್ಯಕೋಶಾಗಾರದಿಂದ ಆರ್. ಶಾಮಶಾಸ್ತ್ರಿಗಳು ೧೯೨೬ರಲ್ಲಿ ಗ್ರಂಥದ ಮೊದಲ ಭಾಗವನ್ನು ಪ್ರಕಟಿಸಿದರು. ಬಡೋದೆಯ ಗಾಯಕವಾಡ ಮಾಲೆಯಲ್ಲಿ ಶ್ರೀಗೊಂದೇಕರರ ಪರಿಷ್ಕರಣವು ೧೯೨೫ರಲ್ಲಿ ಆರಂಭವಾಗಿ ಮೂರನೆಯ ಸಂಪುಟದೊಡನೆ ೧೯೬೧ರಲ್ಲಿ ಮುಗಿಯಿತು. ಅದಕ್ಕೆ ೧೦ ವರ್ಷ ಮೊದಲೇ, ೧೯೫೧ರಲ್ಲಿ, ಪ್ರಾಣಿಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು ಮತ್ಸ್ಯವಿನೋದವನ್ನು ಕುರಿತು ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಲೇಖನವೊಂದನ್ನು ಬರೆದರು. ಸಂಸ್ಕೃತಜ್ಞರು ಬಿಟ್ಟುದನ್ನು ಮೀನುಗಳ ಶಾಸ್ತ್ರಜ್ಞರು ಎತ್ತಿಕೊಂಡರೆಂಬುದು ನಮಗೆ ಹೆಮ್ಮೆಯ ವಿಷಯವೇನೂ ಅಲ್ಲ.

ಈಚೆಗೆ ಈ ಅಧ್ಯಾಯಕ್ಕೆ ಬೇರೊಂದು ವಿಧದ ಖ್ಯಾತಿ ಬರುತ್ತಲಿದೆ. ನದಿಗಳ ದುಃಸ್ಥಿತಿಯನ್ನು ಕುರಿತು ಮಾತನಾಡುವ ಸಭೆಗಳಲ್ಲಿ, ನಮ್ಮ ಪೂರ್ವಿಕರು ೯೦೦ ವರ್ಷಗಳ ಹಿಂದೆಯೇ ಮೀನುಗಳ ಸಂತತಿಯನ್ನು ಗಮನಿಸುತ್ತ ಕಾಪಾಡುತ್ತ ಇದ್ದರೆಂಬುದಕ್ಕೆ ಮತ್ಸ್ಯವಿನೋದವೇ ಪ್ರಮಾಣವೆಂದು ಹೇಳುವುದನ್ನು ನಾನು ಹಲವು ಸಲ ಕೇಳಿದ್ದೇನೆ. ಹೇಳುವವರ ಉದ್ದೇಶವು ಒಳ್ಳೆಯದೇ. ಆದರೆ ಗ್ರಂಥವು ಹೇಳದ ಮಾತನ್ನು ಗ್ರಂಥದ ಬಾಯಿಂದ ಹೇಳಿಸುವುದು ವಿಮರ್ಶೆಯೂ ಅಲ್ಲ, ಮೀನಿಗೆ ಉಪಕಾರವೂ ಅಲ್ಲ. ಆದಕಾರಣ ಈ ಅಧ್ಯಾಯವು ಯಥಾರ್ಥವಾಗಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ, ಆಮೇಲೆ ನಮ್ಮ ನದಿಗಳ ಮೀನನ್ನು ಕುರಿತು ಹುಟ್ಟಿದ ಬರಹಗಳ ಪಕ್ಕದಲ್ಲಿ ಇಟ್ಟರೆ ಅದರ ಬೆಲೆಯೇನು ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ಮೊದಲು ಗುಣವನ್ನು ಹೇಳೋಣ. ಗ್ರಂಥಕಾರನು ಸುಮಾರು ೩೫ ಬಗೆಯ ಮೀನುಗಳನ್ನು ಹೆಸರಿಸುತ್ತಾನೆ. ಸಮುದ್ರದಲ್ಲಿರುವವು ಯಾವುವು, ಸಿಹಿನೀರಿನವು ಯಾವುವು. ಶಲ್ಕವುಳ್ಳವು ಯಾವುವು, ಇಲ್ಲದವು ಯಾವುವು. ದೊಡ್ಡವು ಯಾವುವು, ಸಣ್ಣವು ಯಾವುವು ಎಂಬ ವಿಭಾಗವನ್ನು ಮಾಡುತ್ತಾನೆ. ಯಾವ ಮೀನಿಗೆ ಯಾವ ಆಹಾರ ಪ್ರಿಯವೆಂದು ಹೇಳಿ, ನೀರಿನ ಒಂದು ಎಡೆಯಲ್ಲಿ ಆಹಾರವನ್ನು ಹಾಕಿ ಮೀನನ್ನು ರೂಢಿಮಾಡಿಸುವ ಕ್ರಮವನ್ನೂ, ದಾರ, ಕೋಲು, ಗಾಳಗಳ ಲಕ್ಷಣವನ್ನೂ, ಕಚ್ಚಿದ ಮೀನನ್ನು ದಡಕ್ಕೆ ತರುವ ರೀತಿಯನ್ನೂ ವಿವರಿಸುತ್ತಾನೆ. ಇವೆಲ್ಲವೂ ಅಂತಃಪುರದಲ್ಲಿ ಕುಳಿತು ಕೋಶಗಳನ್ನು ನೋಡಿ ಬರೆದ ಮಾತುಗಳಲ್ಲ. ಅಮರಕೋಶದ ವಾರಿವರ್ಗದಲ್ಲಿಯೂ ಮೀನುಗಳ ಹೆಸರುಗಳುಂಟು. ಆದರೆ ಅಲ್ಲಿ ಹೆಸರಿನ ಮುಂದೆ ಹೆಸರು ಬಂದು ನಿಲ್ಲುತ್ತದೆ, ಮೀನು ಕಾಣಿಸುವುದಿಲ್ಲ. ನಮ್ಮ ಕವಿಗಳ ಸರೋವರ್ಣನೆಗಳಲ್ಲಿ ಮೀನೆಂಬುದು ಪ್ರಾಯಶಃ ನಾಯಿಕೆಯ ಕಣ್ಣಿಗೆ ಉಪಮಾನವಾಗುವ ಸಲುವಾಗಿ ಮಾತ್ರ ಜಲದಲ್ಲಿ ವಾಸಿಸುವ ಪ್ರಾಣಿ. ಸೋಮೇಶ್ವರನ ಮೀನುಗಳಾದರೋ ತಿನ್ನುತ್ತವೆ, ತಿಂದುದನ್ನು ಉಗುಳುತ್ತವೆ, ದಾರವನ್ನೆಳೆಯುತ್ತವೆ. ಒಂದೊಂದು ಮೀನಿನ ಸ್ವಭಾವವನ್ನು ಅದರ ಆಹಾರದಿಂದ ತಿಳಿಯಬೇಕೆಂಬುದು ಬೆಸ್ತರ ಜ್ಞಾನ; ಅದು ಶ್ಲೋಕಕ್ಕೆ ಏರಿದುದು ಈ ಅಧ್ಯಾಯದಲ್ಲಿಯೇ. ಹೆಸರುಗಳ ಪೈಕಿ ರೋಹಿತ, ಪಾಠೀನ ಮೊದಲಾದವನ್ನು ಬಿಟ್ಟರೆ ಅನೇಕವು ಸಂಸ್ಕೃತ ಧಾತುಗಳಿಗೆ ಒಗ್ಗದೆ, ದೇಶ್ಯಪದಗಳು ಸಂಸ್ಕೃತದ ವಿಭಕ್ತಿಯನ್ನು ತೊಟ್ಟುಕೊಂಡು ನಿಂತಂತೆ ಕಾಣುತ್ತವೆ. ರಾಜನಿಗೆ ಇವನ್ನು ಹೇಳಿದವರು ಯಾರೆಂಬುದು ಇದರಿಂದಲೇ ಊಹ್ಯವಾಗಿದೆ.

ಇನ್ನು ಕೊರತೆ. ಅಧ್ಯಾಯದ ಹೆಸರೇ ವಿನೋದ. ಗ್ರಂಥದ ಚೌಕಟ್ಟನ್ನು ಮರೆತು ಒಂದು ಅಧ್ಯಾಯವನ್ನು ಕಿತ್ತು ಓದುವುದರಿಂದ ಆಗುವ ತಪ್ಪಿಗೆ ಇದು ನಿದರ್ಶನವಾಗಿದೆ. ಇಲ್ಲಿ ಮೀನಿಗೆ ಆಹಾರವನ್ನು ಹಾಕುವುದು ಮೀನಿನ ಪುಷ್ಟಿಗಾಗಿ ಅಲ್ಲ, ರಾಜನ ಗಾಳಕ್ಕಾಗಿ. ಅದೇ ಮೀನು ಅನ್ನಭೋಗದಲ್ಲಿ ತುಂಡುತುಂಡಾಗಿ ಮಡಕೆಯೊಳಗೆ ಮತ್ತೆ ಕಾಣಿಸಿಕೊಳ್ಳುತ್ತದೆ. ಇಂತಹ ಋತುವಿನಲ್ಲಿ ಹಿಡಿಯಬಾರದು, ಮೊಟ್ಟೆಯಿಡುವ ಕಾಲದಲ್ಲಿ ಬಿಡಬೇಕು, ಮರಿಗಳನ್ನು ತೆಗೆಯಬಾರದು ಎಂಬ ನಿಯಮವನ್ನು ವಿಧಿಸುವುದು ಈ ವಿನೋದದ ಉದ್ದೇಶವೇ ಅಲ್ಲ. ಅಂತಹ ನಿಷೇಧವನ್ನು ಪ್ರಾಚೀನ ವಾಙ್ಮಯದಲ್ಲಿ ಹುಡುಕುವವರು ಬೇರೆಡೆಗೆ ಹೋಗಬೇಕು. ಅಶೋಕನ ಐದನೆಯ ಸ್ತಂಭಶಾಸನದಲ್ಲಿ ಅವಧ್ಯವಾದ ಜಂತುಗಳನ್ನು ಪಟ್ಟಿಮಾಡುವಲ್ಲಿ ಮೀನುಗಳೂ ಸೇರಿವೆ; ಇಂತಿಂತಹ ದಿನಗಳಲ್ಲಿ ಮೀನನ್ನು ಕೊಲ್ಲಲೂ ಮಾರಲೂ ಕೂಡದೆಂಬ ಕಟ್ಟಳೆಯೂ ಇದೆ. ಕೌಟಲ್ಯನು ಅರ್ಥಶಾಸ್ತ್ರದ ಸೂನಾಧ್ಯಕ್ಷ ಪ್ರಕರಣದ ಆರಂಭದಲ್ಲಿಯೇ, ಅಭಯವನ್ನು ಪಡೆದ ಮೃಗಪಕ್ಷಿಗಳ ಜೊತೆಗೆ ಮೀನುಗಳನ್ನೂ ಹೇಳಿ, ಅವುಗಳನ್ನು ಹಿಡಿದವನಿಗೂ ಕೊಂದವನಿಗೂ ಉತ್ತಮದಂಡವನ್ನು ವಿಧಿಸಿದ್ದಾನೆ. ಈ ಅರ್ಥಶಾಸ್ತ್ರವನ್ನು ೧೯೦೯ರಲ್ಲಿ ಮೈಸೂರಿನಿಂದ ಲೋಕಕ್ಕೆ ಕೊಟ್ಟವರೂ, ಅಭಿಲಷಿತಾರ್ಥಚಿಂತಾಮಣಿಯ ಮೊದಲ ಭಾಗವನ್ನು ಅಚ್ಚುಹಾಕಿಸಿದವರೂ ಒಬ್ಬರೇ ಶಾಮಶಾಸ್ತ್ರಿಗಳು. ಎರಡು ಗ್ರಂಥಗಳೂ ಒಂದೇ ಕಪಾಟಿನಲ್ಲಿದ್ದರೂ ನಾವು ಸಂರಕ್ಷಣೆಯನ್ನು ವಿನೋದದಲ್ಲಿಯೂ ವಿನೋದವನ್ನು ಸಂರಕ್ಷಣೆಯಲ್ಲಿಯೂ ಹುಡುಕುತ್ತಿರುವೆವು!

ಹಾಗಾದರೆ ಮತ್ಸ್ಯವಿನೋದದಿಂದ ನದಿಯ ಆರೋಗ್ಯಕ್ಕೆ ಸಂಬಂಧಿಸಿದ ವಿಚಾರವು ಏನೂ ದೊರೆಯುವುದಿಲ್ಲವೇ? ದೊರೆಯುತ್ತದೆ, ಆದರೆ ಬೇರೆ ಬಗೆಯಲ್ಲಿ. ಬೇಟೆಗಾರನ ಬರಹವು ತಾನು ಹೇಳಬೇಕೆಂದುಕೊಳ್ಳದ ಸಂಗತಿಗಳನ್ನು ಹೇಳಿಬಿಡುವುದುಂಟು. ಇದನ್ನು ಸ್ಪಷ್ಟಪಡಿಸುವುದಕ್ಕೆ ಇದೇ ಜಾತಿಗೆ ಸೇರಿದ ಇನ್ನೆರಡು ಬರಹಗಳನ್ನು ನೋಡಬೇಕು.

ಎರಡನೆಯದು, ಮದರಾಸು ಸಿವಿಲ್ ಸರ್ವಿಸಿಗೆ ಸೇರಿ ದಕ್ಷಿಣ ಕನ್ನಡದಲ್ಲಿ ಅಧಿಕಾರದಲ್ಲಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬವರು ೧೮೭೩ರಲ್ಲಿ ಮಂಗಳೂರಿನಿಂದ ಪ್ರಕಟಿಸಿದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ. ಇವರು ಅದಕ್ಕೆ ಮೊದಲು, ೧೮೭೦ರಲ್ಲಿ, ದಕ್ಷಿಣ ಕನ್ನಡದ ಮತ್ಸ್ಯಸಂವರ್ಧನೆಯನ್ನು ಕುರಿತು ಸರ್ಕಾರಕ್ಕೆ ವರದಿಯನ್ನು ಒಪ್ಪಿಸಿದ್ದರು. ಪುಸ್ತಕದ ನಾಯಕನು ಮಹಶೀರ್ ಎಂಬ ಮೀನು; ನಮ್ಮ ಕಡೆಯ ಬೆಸ್ತರ ಮಾತಿನಲ್ಲಿ ಬಿಳಿಮೀನು, ತುಳುವರಲ್ಲಿ ಪೆರುವೊಳು. ಥಾಮಸರ ಓದುಗರು ಬಲ್ಲ ಮೀನು ತಮ್ಮ ದೇಶದ ಸಾಲ್ಮನ್. ಆದುದರಿಂದ ಅವರು ಬಿಳಿಮೀನನ್ನು ಸಾಲ್ಮನ್ನಿಗೆ ಹೋಲಿಸಿ, ಅದೇ ತೂಕದ ಸಾಲ್ಮನ್ನಿಗಿಂತ ಇದರ ಹೋರಾಟವು ಹೆಚ್ಚಿನದೆಂದು ವಾದಿಸಿದರು. ಆಲಂಕಾರಿಕರ ಮಾತಿನಲ್ಲಿ ಇದು ವ್ಯತಿರೇಕ. ಈ ಅಲಂಕಾರದಿಂದ ಬಿಳಿಮೀನಿಗೆ ಕೀರ್ತಿ ಬಂದಿತು, ನಿಜ, ತೊಂದರೆಯೂ ಬಂದಿತು. ಸಾಲ್ಮನ್ ಹೊಳೆಯಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ಹಿಂದಿರುಗುವ ಪ್ರಾಣಿ. ಹಿಂದಿರುಗುವಾಗ ಅದು ಒಂದು ಬಾಗಿಲನ್ನು ಹಾದುಬರಲೇಬೇಕು. ಆದುದರಿಂದ ಅದನ್ನು ಎಣಿಸಬಹುದು. ಅಮೆರಿಕದ ಕೊಲಂಬಿಯ ನದಿಗೆ ಅಡ್ಡವಾಗಿ ಕಟ್ಟಿದ ಬಾನ್‌ವಿಲ್ ಅಣೆಕಟ್ಟೆಯಲ್ಲಿ ಮೀನುಗಳು ಹತ್ತಲೆಂದು ಮಾಡಿದ ಮೆಟ್ಟಿಲುಗಳ ಬಳಿ ೧೯೩೮ರಿಂದಲೂ ಎಣಿಕೆ ನಡೆದಿದೆ. ನಮ್ಮ ಬಿಳಿಮೀನು ಸಮುದ್ರವನ್ನು ಕಾಣುವುದೇ ಇಲ್ಲ. ಮುಂಗಾರಿನ ಹೊಸನೀರು ಬಂದಾಗ ಕಲ್ಲುಹರಳಿನ ತಿಳಿನೀರಿನ ಜಾಗಗಳನ್ನು ಹುಡುಕಿ ಮೇಲಕ್ಕೇರಿ, ಅಲ್ಲಿ ಮೊಟ್ಟೆಯಿಟ್ಟು ಮಡುಗಳಿಗೆ ಇಳಿಯುತ್ತದೆ. ಕೆಂಪುನೀರಿನ ಪ್ರವಾಹದಲ್ಲಿ ಅದನ್ನು ಎಣಿಸುವವರು ಯಾರು? ಹೋಲಿಕೆಯು ಕೀರ್ತಿಯನ್ನು ತಂದಿತೇ ಹೊರತು, ಸಾಲ್ಮನ್ನಿಗೆ ದೊರೆತ ಲೆಕ್ಕವನ್ನು ತರಲಿಲ್ಲ.

ಥಾಮಸರ ಬರಹದ ರೀತಿಯು ಲವಲವಿಕೆಯಿಂದ ಕೂಡಿದೆ. ನೀರಿಗೆ ವಿಷವನ್ನು ಬೆರೆಸುವುದರಿಂದಲೂ, ಕಿರಿಗಣ್ಣಿನ ಬಲೆಗಳಿಂದ ಮರಿಗಳನ್ನು ಬಾಚುವುದರಿಂದಲೂ ಆಗುವ ನಾಶವನ್ನು ಅವರು ಎತ್ತಿ ತೋರಿಸಿದುದು ಸೋಮೇಶ್ವರನಲ್ಲಿ ಕಾಣದ ವಿವೇಕ. ಸಿಡಿಮದ್ದನ್ನೂ ವಿಷವನ್ನೂ ನಿಷೇಧಿಸುವ ಮತ್ಸ್ಯಕಾಯಿದೆಯು ಇಂಡಿಯಾದಲ್ಲಿ ೧೮೯೭ರಲ್ಲಿ ಬಂದಿತು. ಆದರೆ ಮೀನನ್ನು ವಿನೋದಕ್ಕಾಗಿ ಹಿಡಿಯುವವನು ರಕ್ಷಕ, ಹೊಟ್ಟೆಗಾಗಿ ಹಿಡಿಯುವವನು ಭಕ್ಷಕ ಎಂಬ ಭಾವವು ಈ ವರ್ಗದ ಪುಸ್ತಕಗಳಲ್ಲೆಲ್ಲ ಒಳಹರಿವಾಗಿ ಇದೆ. ಸೋಮೇಶ್ವರನು ಬೆಸ್ತನಿಂದ ಕಲಿತುದನ್ನು ತನ್ನ ಹೆಸರಿನಲ್ಲಿ ಹೇಳಿದನಾದರೂ ಬೆಸ್ತನನ್ನು ಬಯ್ಯಲಿಲ್ಲ.

ಇಷ್ಟರ ಮೇಲೆ ದಾಖಲೆಗಳ ಯುಗವು ಆರಂಭವಾಯಿತು. ೧೯೧೯ರಲ್ಲಿ ಕಾವೇರಿಯಲ್ಲಿ ರಿವೆಟ್-ಕಾರ್ನಾಕ್ ಎಂಬ ಸೇನಾಧಿಕಾರಿಯು ೧೧೯ ಪೌಂಡಿನ ಬಿಳಿಮೀನನ್ನು ಹಿಡಿದನು. ೧೯೪೬ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದ ಡಿ ವೆಟ್ ವ್ಯಾನ್ ಇಂಗನ್ ಅವರು ಕಬಿನಿಯಲ್ಲಿ ೧೨೦ ಪೌಂಡಿನದನ್ನು ಹಿಡಿದರು. ಇದನ್ನು ಮೀರಿಸಿದ ದಾಖಲೆಯಿಲ್ಲವೆಂದು ಗಾಳದವರು ಇಂದಿಗೂ ಹೇಳುವರು. ಈ ಎರಡು ಅಂಕಿಗಳನ್ನು ನದಿಯ ವೈಭವಕ್ಕೆ ಸಾಕ್ಷಿಯಾಗಿ ಉದಾಹರಿಸುವುದು ವಾಡಿಕೆ. ನನಗಾದರೋ ಇವು ನಮ್ಮ ಶಾಸನಗಳ ಪ್ರಶಸ್ತಿಭಾಗದಂತೆ ಕಾಣುತ್ತವೆ. ರಾಜನು ಎಷ್ಟು ದೊಡ್ಡವನೆಂಬುದನ್ನು ಪ್ರಶಸ್ತಿಯು ಹೇಳುತ್ತದೆ. ಪ್ರಜೆಗಳು ಎಷ್ಟು ಮಂದಿ ಇದ್ದರು, ಹೇಗಿದ್ದರು ಎಂಬುದನ್ನು ತಿಳಿಯಬೇಕಾದರೆ ಅದರ ಕೆಳಗಿನ ದಾನಭಾಗಕ್ಕೆ, ಗದ್ದೆ ಬೆದ್ದಲುಗಳ ಲೆಕ್ಕಕ್ಕೆ ಇಳಿಯಬೇಕು.

ಅಂತಹ ದಾನಭಾಗವು ಬಿಳಿಮೀನಿಗೆ ದೊರೆತುದು ತೀರ ಈಚೆಗೆ. ಅದೇ ನಾನು ಹೇಳಬೇಕೆಂದಿರುವ ಮೂರನೆಯ ಬರಹ. ಅದಕ್ಕೆ ಕರ್ತೃವಿಲ್ಲ, ಅಲಂಕಾರವಿಲ್ಲ. ಕಾವೇರಿಯು ಕಾಡಿನ ನಡುವೆ ಹರಿಯುವ ಗಾಳಿಬೋರೆಯ ಬಿಡಾರದಲ್ಲಿ, ಹಿಡಿದ ಮೀನನ್ನು ತೂಗಿ ಮತ್ತೆ ಹೊಳೆಗೇ ಬಿಡುವ ಪದ್ಧತಿಯಿಂದ ಗಾಳ ಹಾಕುತ್ತಿದ್ದವರು, ದಿನವೂ ಬರೆದಿಟ್ಟ ಲೆಕ್ಕದ ಪುಸ್ತಕವದು. ೧೯೯೮ರಿಂದ ೨೦೧೨ರ ವರೆಗಿನ ಈ ಲೆಕ್ಕವನ್ನು ಪಿಂಡರ್, ರಾಘವನ್, ಬ್ರಿಟನ್ ಎಂಬ ಮೂವರು ಸಂಶೋಧಕರು ೨೦೧೫ರಲ್ಲಿ ಪರಿಶೀಲಿಸಿ ಪ್ರಕಟಿಸಿದರು. ೨೩,೬೨೦ ಗಂಟೆಗಳ ಗಾಳಕ್ಕೆ ಸಿಕ್ಕ ಮೀನುಗಳು ೬,೧೬೧. ಇದರಲ್ಲಿ ಎರಡು ಬಗೆಗಳುಂಟು: ಬೆನ್ನಿನಲ್ಲಿ ಗೂನಿರುವ, ರೆಕ್ಕೆಯಲ್ಲಿ ಕೆಂಪುಛಾಯೆಯಿರುವ ಕಾವೇರಿಯ ಸ್ವಂತದ ಮೀನು ಒಂದು, ರೆಕ್ಕೆ ನೀಲಿಯಾಗಿರುವುದು ಇನ್ನೊಂದು. ಎರಡನೆಯದು ಕೃಷ್ಣೆಯ ಮೇಲುಹೊಳೆಗಳ ಮೀನು. ಲೋಣಾವಳದಲ್ಲಿ ಮೊಟ್ಟೆಯೊಡೆಸಿ ಬೆಳೆಸಿದ ಅದರ ಮರಿಗಳನ್ನು ಉಪಕಾರಬುದ್ಧಿಯಿಂದಲೇ ಕಾವೇರಿಗೆ ತಂದು ಬಿಟ್ಟಿದ್ದರು. ಲೆಕ್ಕವು ಹೇಳುವುದೇನೆಂದರೆ: ವರ್ಷಗಳು ಕಳೆದಂತೆ ನೀಲಿರೆಕ್ಕೆಯದು ಹೆಚ್ಚುತ್ತ ಬಂದಿತು, ಗೂನುಬೆನ್ನಿನದು ಇಳಿಯುತ್ತ ಹೋಯಿತು. ಅಷ್ಟೇ ಅಲ್ಲ. ಗೂನುಬೆನ್ನಿನ ಮೀನಿನ ಸಂಖ್ಯೆ ಇಳಿದಷ್ಟೂ, ಸಿಕ್ಕ ಒಂದೊಂದರ ತೂಕವು ಏರುತ್ತ ಹೋಯಿತು.

ವಾಚಕಮಹಾಶಯರು ಇಲ್ಲಿ ಸ್ವಲ್ಪ ನಿಲ್ಲಬೇಕೆಂದು ಕೋರುತ್ತೇನೆ. ದಡದಲ್ಲಿ ಕುಳಿತವನಿಗೆ ಇದಕ್ಕಿಂತ ಸಂತೋಷದ ವಾರ್ತೆ ಯಾವುದುಂಟು? ಈ ವರ್ಷದ ಮೀನು ಕಳೆದ ವರ್ಷದ್ದಕ್ಕಿಂತ ದೊಡ್ಡದು! ಆದರೆ ಸರಾಸರಿ ತೂಕವು ಏರಿದುದು ಮುದಿಮೀನುಗಳು ಮಾತ್ರ ಉಳಿದು, ಮರಿಗಳು ಬಾರದೆ ಹೋದುದರಿಂದ. ಮಕ್ಕಳಿಲ್ಲದ ಊರಿನಲ್ಲಿ ಜನರ ಸರಾಸರಿ ಎತ್ತರವನ್ನು ಅಳೆದರೆ ಊರು ಬೆಳೆಯುತ್ತಿದೆಯೆಂದೇ ತೋರುವುದು. ಗೆಲುವಿನ ದಿನಚರಿಯೆಂದು ಅವರು ಬರೆದಿಟ್ಟುದು, ಸಾಲುಸಾಲಾಗಿ ಕೂಡಿ ಓದಿದಾಗ ಚರಮಗೀತವಾಯಿತು. ೧೯೧೯ರ ಮತ್ತು ೧೯೪೬ರ ಅಂಕಿಗಳನ್ನು ನಾನು ಪ್ರಶಸ್ತಿಯೆಂದು ಕರೆದುದಕ್ಕೆ ಕಾರಣವಿದೇ: ಒಂದು ದೊಡ್ಡ ಮೀನು ತನ್ನ ಹಿಂದೆ ಎಷ್ಟು ಚಿಕ್ಕ ಮೀನುಗಳಿವೆಯೆಂದು ಹೇಳಲಾರದು. ಗಾಳಿಬೋರೆಯ ಲೆಕ್ಕಕ್ಕೂ ಮಿತಿಯುಂಟು. ಗಾಳವನ್ನು ಕಚ್ಚಿದುದು ಮಾತ್ರ ಅದರಲ್ಲಿ ಸೇರಿದೆ. ಕಚ್ಚಲಾರದ ಮರಿ ಅದಕ್ಕೆ ಕಾಣುವುದಿಲ್ಲ. ಬಿಡಾರದಿಂದಾಚೆಯ ಮಡುಗಳೂ ಕಾಣುವುದಿಲ್ಲ. ಹಿಡಿದುಬಿಡುವ ಆಟವೂ ಅಲ್ಲಿ ನಿಂತುಹೋದ ಮೇಲೆ ಆ ಲೆಕ್ಕವೂ ನಿಂತಿತು.

ಹೆಸರಿನ ಕಥೆಯು ಇನ್ನೂ ವಿಚಿತ್ರವಾಗಿದೆ. ನಮ್ಮಂಥವರಿಗೆ ಸೇರಿದುದೂ ಅದೇ. ಸೈಕ್ಸ್ ಎಂಬ ಸೇನಾಧಿಕಾರಿಯು ೧೮೩೯ರಲ್ಲಿ ದಖ್ಖನಿನ ಮೀನುಗಳನ್ನು ವರ್ಣಿಸಿದಾಗ ಒಂದಕ್ಕೆ ಖುದ್ರಿ ಎಂದೂ ಇನ್ನೊಂದಕ್ಕೆ ಮುಸುಲ್ಲಾ ಎಂದೂ ಹೆಸರಿಟ್ಟನು. ಎರಡನೆಯ ಹೆಸರನ್ನು ಕಾವೇರಿಯ ಗೂನುಬೆನ್ನಿನ ಮೀನಿಗೆ ಹಚ್ಚಿ ಬಹುಕಾಲ ಕರೆಯುತ್ತಿದ್ದರು. ಆ ಹೆಸರು ನಿಜವಾಗಿ ಬೇರೆ ಕುಲದ ಮೀನಿನದೆಂದು ಆಮೇಲೆ ತಿಳಿದುಬಂದಿತು. ಹೀಗಾಗಿ ಪ್ರಪಂಚದಲ್ಲೆಲ್ಲ ಹೆಸರಾದ ಮೀನಿಗೆ ಹೆಸರೇ ಇಲ್ಲವಾಯಿತು. ೨೦೦೭ರಲ್ಲಿ ಕೇರಳದ ಪಾಂಬಾರ್ ಹೊಳೆಯ ಮೀನೊಂದಕ್ಕೆ ‘ಟಾರ್ ರೆಮಾದೇವಿ’ ಎಂಬ ಶಾಸ್ತ್ರನಾಮವನ್ನು ಕೊಟ್ಟಿದ್ದರು. ಕಾವೇರಿಯ ಗೂನುಬೆನ್ನಿನದೂ ಅದೇ ಎಂದು ೨೦೧೮ರಲ್ಲಿ, ಕಾವೇರಿಯ ಬಳಗಕ್ಕೆ ಸೇರಿದ ಮೋಯಾರ್ ಹೊಳೆಯ ಮೀನುಗಳ ಆಧಾರದಿಂದ, ಸಿದ್ಧಪಟ್ಟಿತು. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅದು ಅಳಿವಿನ ಅತ್ಯಂತ ಸಮೀಪದಲ್ಲಿರುವ ಜೀವಿಗಳ ಸಾಲಿಗೆ ಸೇರಿತು. ಹೆಸರಿಲ್ಲದುದನ್ನು ಪಟ್ಟಿಗೆ ಸೇರಿಸುವುದೆಂತು, ಕಾಯಿದೆಯಲ್ಲಿ ಬರೆಯುವುದೆಂತು? ಪಾಠನಿರ್ಣಯವಿಲ್ಲದೆ ಅರ್ಥನಿರ್ಣಯವಿಲ್ಲವೆಂಬ ನಮ್ಮ ಗ್ರಂಥಸಂಪಾದಕರ ಮಾತು ಹೊಳೆಯೊಳಗೂ ಸಲ್ಲುವುದೆಂದು ಯಾರು ಎಣಿಸಿದ್ದರು!

ಈ ಪಾಪದಲ್ಲಿ ವ್ಯಾಖ್ಯಾನಕಾರರ ಪಾಲೂ ಉಂಟು. ಮೂಲದಲ್ಲಿ ಮೀನಿನ ಹೆಸರು ಬಂದೆಡೆಯಲ್ಲಿ ‘ಮತ್ಸ್ಯವಿಶೇಷ’ ಎಂದು ಬರೆದು ಮುಂದಕ್ಕೆ ಹೋಗುವುದು ನಮ್ಮ ಹಳೆಯ ಟೀಕಾಕಾರರ ಸಂಪ್ರದಾಯ. ನಿಘಂಟುಗಳಲ್ಲಿ ಅದೇ ‘ಒಂದು ಜಾತಿಯ ಮೀನು’ ಎಂದಾಗುತ್ತದೆ. ಇದಕ್ಕೆ ವಿರುದ್ಧವಾದ ದೋಷವೂ ಒಂದುಂಟು: ಮತ್ಸ್ಯವಿನೋದದ ಹೆಸರುಗಳಲ್ಲಿ ಮಹಶೀರನ್ನು ಕಂಡೇ ತೀರಬೇಕೆಂಬ ಆತುರ. ಮಹಾಶಿರಸ್ ಎಂಬ ಸಂಸ್ಕೃತದಿಂದಲೋ, ಮಾಹಿ ಎಂಬ ಪಾರಸಿಯ ಮಾತಿನಿಂದಲೋ ಆ ಪದವನ್ನು ಸಾಧಿಸುವವರು ಇದ್ದಾರೆ. ಉತ್ತರದಿಂದ ಇಂಗ್ಲಿಷಿನ ಮೂಲಕ ನಮ್ಮಲ್ಲಿಗೆ ಬಂದ ಪದವನ್ನು ಕಲ್ಯಾಣದ ಅರಮನೆಯ ಮೀನಿಗೆ ಹೊಂದಿಸುವುದಕ್ಕೆ ಧ್ವನಿಸಾಮ್ಯವೊಂದೇ ಸಾಲದು. ಶಲ್ಕ, ಮೀಸೆ, ಬಾಯಿ, ವಾಸಸ್ಥಾನ ಇವು ಹೊಂದಬೇಕು.

ನಾನು ವಾಸಿಸುವ ಕುಂಬಾರಕೊಪ್ಪಲು ಈಗ ಮೈಸೂರು ನಗರದೊಳಕ್ಕೆ ಸೇರಿಹೋಗಿರುವ ಹಳ್ಳಿ. ಹೆಸರಿನಲ್ಲಿ ಕುಂಬಾರರು ಉಳಿದಿದ್ದಾರೆ. ಮೀನುಸಾರಿಗೆ ಮಣ್ಣಿನ ಮಡಕೆಯೇ ಆಗಬೇಕೆನ್ನುವ ಮುದುಕಿಯರೂ ಉಳಿದಿದ್ದಾರೆ. ಇಲ್ಲಿಗೆ ಕಾವೇರಿಯ ಕಡೆಯಿಂದ ಮೀನು ತರುವ ವೃದ್ಧನೊಬ್ಬನನ್ನು ಒಂದು ಬೆಳಗ್ಗೆ ಕುಳ್ಳಿರಿಸಿಕೊಂಡು, ಅಮರನು ಪಾಠೀನಕ್ಕೆ ಸಹಸ್ರದಂಷ್ಟ್ರವೆಂಬ ಪರ್ಯಾಯವನ್ನು ಕೊಟ್ಟಿರುವುದನ್ನೂ, ಅದಕ್ಕೆ ಶಲ್ಕವಿಲ್ಲವೆಂಬುದನ್ನೂ ಕನ್ನಡದಲ್ಲಿ ಹೇಳಿ, ಯಾವ ಮೀನಿದ್ದೀತೆಂದು ಕೇಳಿದೆನು. ಅವನು ತಕ್ಕಡಿಯನ್ನು ಕೆಳಗಿಡಲೂ ಇಲ್ಲ. “ಹುರುಪೆ ಇಲ್ಲ, ಬಾಯ್ತುಂಬ ಹಲ್ಲು ಅಂದ್ರೆ ಬಾಳೆ ಅಲ್ವಾ ಸ್ವಾಮಿ, ಇನ್ನೇನು?” ಎಂದನು. ಪಾಠೀನವು ಬಾಳೆಮೀನೇ ಎಂದು ಮತ್ಸ್ಯಶಾಸ್ತ್ರಜ್ಞರೂ ಗುರುತಿಸಿರುವರು. ಅವರಿಗೆ ಅದಕ್ಕೆ ಒಂದು ಲೇಖನ ಬೇಕಾಯಿತು. ಬಿಳಿಮೀನಿನ ಮಾತೆತ್ತಿದಾಗ ಅವನು ತಾನಾಗಿಯೇ ಕೇಳಿದುದು, “ಕೆಂಪುರೆಕ್ಕೆದೋ ಕಪ್ಪುರೆಕ್ಕೆದೋ?” ಎಂದು. ಗಾಳಿಬೋರೆಯ ಲೆಕ್ಕವನ್ನು ಅವನು ಕೇಳಿದವನೇ ಅಲ್ಲ. ಕೆಂಪುರೆಕ್ಕೆಯದನ್ನು ತನ್ನ ತಂದೆಯ ಕಾಲದಲ್ಲಿ ಇಬ್ಬರು ಹೊತ್ತು ತರುತ್ತಿದ್ದರೆಂದೂ, ತಾನು ಕಂಡು ಬಹಳ ವರ್ಷಗಳಾದುವೆಂದೂ ಹೇಳಿದನು. ಅಣೆಕಟ್ಟೆ, ಮರಳು, ಸಿಡಿಮದ್ದು ಈ ಮೂರನ್ನು ಕಾರಣವಾಗಿ ಹೇಳಿದನು. ಶಾಸ್ತ್ರಜ್ಞರ ಪಟ್ಟಿಗೂ ಅವನ ಪಟ್ಟಿಗೂ ದೊಡ್ಡ ಅಂತರವಿಲ್ಲ.

ದೇವಸ್ಥಾನಗಳ ಮಡುಗಳಲ್ಲಿ ಮೀನು ಉಳಿದಿರುವುದನ್ನೂ ಇಲ್ಲಿ ಹೇಳಬೇಕು. ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ, ಶಿಶಿಲದ ಕಪಿಲೆಯಲ್ಲಿ ಭಕ್ತರು ಮೀನಿಗೆ ಅಕ್ಕಿ ಹೊರಿಗಳನ್ನು ಚೆಲ್ಲುವರು, ಹಿಡಿಯುವವರಿಲ್ಲ. ಸೋಮೇಶ್ವರನು ಹೇಳಿದ ಆಹಾರಕ್ರಮವೇ ಇದು, ಗಾಳವೊಂದು ಇಲ್ಲ. ಆದರೆ ಶಿಶಿಲದಲ್ಲಿ ೧೯೯೬ರಲ್ಲಿ ಯಾರೋ ನೀರಿಗೆ ವಿಷವಿಕ್ಕಿದಾಗ ಅಸಂಖ್ಯ ಮೀನುಗಳು ಒಮ್ಮೆಗೇ ಸತ್ತು ತೇಲಿದುವು. ಅವುಗಳಿಗಾಗಿ ಅಲ್ಲಿ ಒಂದು ಸ್ಮಾರಕವನ್ನು ನಿಲ್ಲಿಸಿದ್ದಾರೆ. ವೀರಗಲ್ಲು ಮಾಸ್ತಿಕಲ್ಲುಗಳನ್ನು ಓದುವ ನಮ್ಮ ಶಾಸನಜ್ಞರು ಮೀನುಗಳಿಗೆ ನಿಂತ ಈ ಕಲ್ಲನ್ನೂ ತಮ್ಮ ಪಟ್ಟಿಯಲ್ಲಿ ಸೇರಿಸಿಕೊಳ್ಳಬಹುದು.

ಮತ್ಸ್ಯವಿನೋದಕ್ಕೆ ಕನ್ನಡದಲ್ಲಿ ಒಂದು ಸಟೀಕವಾದ ಪರಿಷ್ಕರಣವು ಆಗಬೇಕೆಂಬುದು ನನ್ನ ಪ್ರಾರ್ಥನೆ. ಅದರ ಟೀಕೆಯಲ್ಲಿ ‘ಮತ್ಸ್ಯವಿಶೇಷ’ ಎಂಬ ಮಾತು ಒಂದು ಸಲವೂ ಬರಕೂಡದು. ಒಂದೊಂದು ಹೆಸರಿನ ಎದುರಿಗೂ ಕಾವೇರಿ, ತುಂಗಭದ್ರೆ, ಕೃಷ್ಣೆಗಳ ಬೆಸ್ತರು ಹೇಳುವ ಹೆಸರು, ಅದನ್ನು ಹೇಳಿದ ಊರು, ಆ ಮೀನು ಅಲ್ಲಿ ಈಗ ಸಿಗುವುದೋ ಇಲ್ಲವೋ, ಕಡೆಯದಾಗಿ ಕಂಡುದು ಯಾವ ವರ್ಷ ಎಂಬ ನಾಲ್ಕು ಸಂಗತಿಗಳು ಇರಬೇಕು. ಕುಂಬಾರಕೊಪ್ಪಲಿನ ನನ್ನ ವೃದ್ಧಮಿತ್ರನಿಗೆ ೩೫ ಹೆಸರುಗಳನ್ನೂ ಓದಿ ಹೇಳಿದೆನು. ಪಾಠೀನದ ಜೊತೆಗೆ ಇನ್ನು ಮೂರನ್ನು ಅವನು ಲಕ್ಷಣ ಕೇಳಿ ಗುರುತಿಸಿದನು. ಉಳಿದವುಗಳಿಗೆ ತುಂಗಭದ್ರೆಯ ಕಡೆಯವರನ್ನೇ ಕೇಳಬೇಕೆಂದು ಹೇಳಿ, ಬಿಸಿಲೇರಿತೆಂದು ಬುಟ್ಟಿಯನ್ನೆತ್ತಿಕೊಂಡು ಹೋದನು.